ಎಲ್ಲಿಯವರೆಗೆ ಹಾಗೆ?

ಕಟ್ಟೆಯೊಡೆದ ಎಪ್ಪತ್ತೊಂದನೆಯ ವರ್ಷ, ಶ್ರಾವಣದ ಮೂವತ್ತಮೂರನೆಯ ದಿನ

ಕಟ್ಟೆಯೊಡೆಯುವ ಮೊದಲು ಬದುಕಿದ್ದ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ತಿಂಗಳಿಗೆ ಮೂವತ್ತಾರು ದಿನ. ನನ್ನ ಮಾತು ಬೋಳುಬೋಳಾಗಿ ಕೇಳಿಸಿದರೆ ಕ್ಷಮಿಸಿ. 'ಹಾಗೆ', 'ಥರ' ಎಂಬ ಮಾತುಗಳನ್ನು ಬಾಯಿಂದ ತೆಗೆದು ನಮಗೆ ಎರಡು ತಲೆಮಾರಾಯಿತು. ನಾನು ಗೌರವ್ವ, ಇಲ್ಲಿನ ಆಸ್ಪತ್ರೆಯ ಸೋಸುಗಾತಿ. ಅಂದರೆ ರೋಗಿಗಳ ಮಾತಿನಿಂದ ಹೋಲಿಕೆಯನ್ನು ಸೋಸಿ ತೆಗೆದು, ನೋವಿನ ಜಾಗ ಮತ್ತು ಅದು ಹತ್ತರಲ್ಲಿ ಎಷ್ಟು ಎಂಬ ಅಂಕೆಯನ್ನಷ್ಟೇ ವೈದ್ಯರಿಗೆ ಕಳಿಸುವವಳು. ಹೊಟ್ಟೆ ಸುಡುತ್ತೆ ಅನ್ನುವುದೂ ನಡೆಯಲ್ಲ. ಬೆಂಕಿಯಿಲ್ಲದೆ ಸುಡುವುದು ಹೋಲಿಕೆಯೇ ತಾನೇ. ಮಗುವನ್ನು ಬಂಗಾರ ಅಂದ ತಾಯಿಗೆ ನೋಟೀಸು ಬರುತ್ತದೆ.

ಹೋಲಿಕೆ ಹೇಳಬಾರದೆಂಬ ಈ ಕಾನೂನು ಸುಮ್ಮನೆ ಬಂದದ್ದಲ್ಲ. ಹೊಸ ಅಣೆಕಟ್ಟೆ ಒಸರಿದಾಗ ಇಂಜಿನಿಯರೊಬ್ಬ, ಹೊಸ ಮಡಕೆಯೂ ನಾಲ್ಕು ದಿನ ಒಸರಿ ತಾನೇ ನಿಲ್ಲುತ್ತದಲ್ಲ, ಇದೂ ಹಾಗೇ ಅಂದನಂತೆ. ಮಡಕೆ ಎಲ್ಲರಿಗೂ ಗೊತ್ತು, ಎಲ್ಲರೂ ತಲೆಯಾಡಿಸಿದರು. ಕಟ್ಟೆಯೊಡೆದು ಹತ್ತೊಂಬತ್ತು ಊರು ಕೊಚ್ಚಿಹೋದವು. ನಮ್ಮಜ್ಜಿ ಎರಡು ದಿನ ಮರದ ಮೇಲೆ ಕೂತು ಬದುಕಿದವಳು. ಹೋಲಿಕೆ ಹೇಳಿದರೆ ನನ್ನ ಬಾಯಿಗೇ ಹೊಡೆಯುತ್ತಿದ್ದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡರು ಅಂತ ನೀವು ಅನ್ನಬಹುದು. ನಾವು ಆ ಗಾದೆಯನ್ನೂ ಅನ್ನುವಂತಿಲ್ಲ.

ಇವತ್ತು ಬೆಳಗ್ಗೆ ನನ್ನ ಕಿಟಕಿಗೆ ಬಂದವಳು ನನ್ನ ಸ್ವಂತ ತಂಗಿ ಚೆನ್ನಾಂಬಿ. ಮೂವತ್ತನಾಲ್ಕು ವರ್ಷ. ಮೈಯೆಲ್ಲ ಬೆವರು.

"ಅಕ್ಕಾ, ಎದೆಯಿಂದ ಬೆನ್ನಿಗೆ ಬಟ್ಟೆ ಹರಿದ ಹಾಗಾಯ್ತು," ಅಂದಳು.

ಕೈ ತನ್ನಷ್ಟಕ್ಕೆ ತಾನು ಬರೆಯಿತು: ನೋವು, ಎದೆ, ಒಂಬತ್ತು. ಅವಳನ್ನು ಒಳಗೆ ಕರೆದುಕೊಂಡು ಹೋದರು. ರಕ್ತ ತೆಳುಮಾಡುವ ಸೂಜಿ ಕೊಡಬೇಕೆಂದು ಚೀಟಿಯೂ ಬಂತು. ಅದನ್ನು ಓದಿದಾಗ ನೆನಪಾಯಿತು. ಹೋದ ವರ್ಷ ನೇಕಾರ ಸಿದ್ರಾಮಪ್ಪ, ಎದೆಯೊಳಗೆ ಸೀರೆ ಹರಿದ ಹಾಗೆ ಅಂದಿದ್ದ. ಆ ಮಾತನ್ನು ಹೊಡೆದುಹಾಕಿದ್ದೆ. ಇದೇ ಸೂಜಿ ಕೊಟ್ಟರು, ಗಂಟೆಯೊಳಗೆ ಹೋದ. ಎದೆಯ ದೊಡ್ಡ ರಕ್ತನಾಳವೇ ಸೀಳಿತ್ತೆಂದು ಆಮೇಲೆ ತಿಳಿಯಿತು. ನಿಯಮದ ಪ್ರಕಾರವೇ ನಡೆದಿದ್ದರಿಂದ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಓಡಿದೆ. ವೈದ್ಯೆ ಇಂದುಮತಿ ಸೂಜಿ ಹಿಡಿದು ನಿಂತಿದ್ದರು.

"ಕೊಡಬೇಡಿ. ಇವಳದೂ ಸಿದ್ರಾಮಪ್ಪನ ಹಾಗೆ," ಅಂದೆ.

ಪ್ರತಿ ಕೋಣೆಯ ಗೋಡೆಯಲ್ಲೂ ಮಾತುಗಾವಲು ಅನ್ನುವ ಯಂತ್ರವಿರುತ್ತದೆ. ಅದರ ದೀಪ ಕೆಂಪಾಯಿತು. ಆಕೆ ಅತ್ತ ನೋಡಲೂ ಇಲ್ಲ.

"ಎಲ್ಲಿಯವರೆಗೆ ಹಾಗೆ?"

ಅಯ್ಯೋ, ಅವತ್ತು ಆ ಕಟ್ಟೆಯ ಮೇಲೆ ಒಬ್ಬರಾದರೂ ಇದನ್ನು ಕೇಳಿದ್ದರೆ! ನೋವು ಒಮ್ಮೆಲೇ ಬಂತು, ಎದೆಯಿಂದ ಬೆನ್ನಿಗಿಳಿಯಿತು, ಅಲ್ಲಿಯವರೆಗೆ ಹಾಗೆ. ಅವನಿಗೆ ಎಪ್ಪತ್ತು, ಇವಳಿಗೆ ಅದರ ಅರ್ಧವೂ ಇಲ್ಲ, ಅಲ್ಲಿ ಹಾಗಲ್ಲ, ಅಂತ ತೊದಲಿದೆ. ಆಕೆ ತಂಗಿಯ ಎರಡೂ ಕೈಯ ನಾಡಿ ಹಿಡಿದರು. ಎಡಗೈಯಲ್ಲಿ ನಾಡಿ ಸಿಗಲಿಲ್ಲ, ಇವಳ ರಕ್ತನಾಳವೂ ಸೀಳಿತ್ತು. ಸೂಜಿ ಕೆಳಗಿಟ್ಟರು.

ಈಗ ಸಂಜೆ. ಚೆನ್ನಾಂಬಿಯ ಎದೆ ಹೊಲಿದಿದ್ದಾರೆ, ಉಸಿರಾಡುತ್ತಿದ್ದಾಳೆ. ನನ್ನೆದುರು ಕಾನೂನಿನವರು ಕೂತಿದ್ದಾರೆ. ನಾನು 'ಹಾಗೆ' ಅನ್ನಲೇ ಇಲ್ಲ, ಯಂತ್ರವೇ ತಪ್ಪು ಕೇಳಿಸಿಕೊಂಡಿತು ಎಂದು ಅವರು ಬರೆದು ತಂದ ಕಾಗದಕ್ಕೆ ಸಹಿ ಹಾಕಿದರೆ ನಾಳೆ ಮತ್ತೆ ಅದೇ ಕಿಟಕಿ, ಅದೇ ಕೆಲಸ. ಇಲ್ಲದಿದ್ದರೆ ಆರು ವರ್ಷ ಸೆರೆ. ನನಗೆ ಹೆದರಿಕೆಯಾಗಿದೆ, ಸುಳ್ಳು ಯಾಕೆ ಹೇಳಲಿ.

ಹಿರಿಯರೇ, ಯಾರಾದರೂ ತಮ್ಮ ನೋವನ್ನು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಪೂರ್ತಿ ಕೇಳಿ, ಆಮೇಲೆ ಎಲ್ಲಿಯವರೆಗೆ ಅಂತ ಕೇಳಿ. ನಾನು ಆ ಕಾಗದದ ಒಕ್ಕಣೆಗೆ ಅಡ್ಡಗೆರೆ ಎಳೆದು, ಕೆಳಗೆ ಎರಡು ಸಾಲು ಬರೆದು ಸಹಿ ಹಾಕಿದ್ದೇನೆ:

ಹಾಗೆ ಅಂದದ್ದು ನಿಜ. ಸಿದ್ರಾಮಪ್ಪನೂ ಅಂದಿದ್ದ, ಅಳಿಸಿದವಳು ನಾನು.

ಗೌರವ್ವ