ತಂದೆಯ ಹೆಸರು, ಮೂರು ಕಡೆ

ಅಕ್ಕಾ,

ತೀರಿಹೋದ ಅಪ್ಪ ಹಡಗಿನಲ್ಲಿ ತಂದಿದ್ದ ಪೆಟ್ಟಿಗೆಯಲ್ಲಿ ಉಳಿತಾಯ ಬಾಂಡುಗಳು ಸಿಕ್ಕಿವೆ. ಪರದೇಶದಲ್ಲಿ ದುಡಿಯುವಾಗ ವರ್ಷಕ್ಕೊಂದರಂತೆ ಕೊಂಡಿದ್ದಾರೆ. ಆ ದುಡ್ಡು ಕೈಗೆ ಬರಲು ವಿದೇಶಿ ಕರೆನ್ಸಿ ಖಾತೆಯೇ ಬೇಕಂತೆ. “ಮಕ್ಕಳಿಬ್ಬರೂ ಸಹಿ ಹಾಕ್ಬೇಕು. ಶುಕ್ರವಾರ ದಾಟಿದ್ರೆ ನಾವೇನೂ ಮಾಡೋಕಾಗಲ್ಲ” ಎಂದರು ಬ್ಯಾಂಕಿನವರು.

ಖಾತೆ ತೆರೆಯುವ ಫಾರಂ ಈ ಪತ್ರದ ಜೊತೆಗಿದೆ. ತಂದೆಯ ಹೆಸರನ್ನು ಮೂರು ಕಡೆ ಬರೆಯಬೇಕು. ಆ ಹೆಸರನ್ನು ಇನ್ನು ಬಾಯಲ್ಲೂ ಎತ್ತುವುದಿಲ್ಲ ಎಂದು ನೀನು ಬಾಗಿಲು ದಾಟಿದ್ದು ಮರೆತಿಲ್ಲ. ನಾನೇ ಬರೆದುಬಿಡುತ್ತಿದ್ದೆ, ಆದರೆ ನಿನ್ನ ಕೈಬರಹವೇ ಆಗಬೇಕಂತೆ.

ಬಾಂಡುಗಳನ್ನೆಲ್ಲ ಕೊಂಡದ್ದು ನೀನು ಹುಟ್ಟಿದ ತಾರೀಖಿನಂದೇ. ನೀನು ಹೋದ ಮೇಲೂ ಒಂದು ವರ್ಷವೂ ತಪ್ಪಿಸಿಲ್ಲ.

ಹೊಡೆದುಹಾಕಿ ತಿದ್ದಿದರೆ ಫಾರಂ ನಡೆಯುವುದಿಲ್ಲ. ಹೆಸರು ಬರೆಯುವಾಗ ತಪ್ಪಿದರೆ ಇರಲಿ ಎಂದು ಇನ್ನೆರಡು ಖಾಲಿ ಫಾರಂ ಇಟ್ಟಿದ್ದೇನೆ.

ನಿನ್ನ ತಮ್ಮ