ಮುರಿದದ್ದು ಒಂದೇ ಕೈ

ಹಾಸ್ಟೆಲಿನ ಮೇಲಿನ ಮಹಡಿ,
ಮಾರ್ಚ್ ೯, ಭಾನುವಾರ

ಪ್ರೀತಿಯ ಅಣ್ಣ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕುರ್ಚಿಗೆ ಅಂಟಿಕೊಂಡು ಪಕ್ಷದ ಪ್ರಚಾರ ಮಾಡುವವನಿಗೆ ಬೆನ್ನು ನೋಯದೆ ಇನ್ನೇನಾದೀತು ಎಂದು ಅಮ್ಮ ಗೊಣಗುತ್ತಾಳೆ. ಅಪ್ಪ ನಿನ್ನ ಹೆಸರೆತ್ತುವುದಿಲ್ಲ. ಆದರೆ ನಾನು ಫೋನಿನಲ್ಲಿ ಅಮ್ಮನಿಗೆ ನಿನ್ನ ಸುದ್ದಿ ಹೇಳುವಾಗ ಟಿ.ವಿ.ಯ ಸದ್ದು ತಗ್ಗಿಸುತ್ತಾರಂತೆ. ನೀನೂ ಅಪ್ಪನೂ ಯಾವ ಮುಖಂಡರಿಗಾಗಿ ಜಗಳವಾಡಿ ತಟ್ಟೆ ಬಿಟ್ಟು ಎದ್ದಿರೋ ಅವರು ಒಬ್ಬರ ಮನೆ ಮದುವೆಗೆ ಒಬ್ಬರು ಹೋಗಿಬರುತ್ತಿದ್ದಾರೆ. ನೀವು ಮಾತ್ರ ಮುಖ ತಿರುಗಿಸಿಕೊಂಡು ಕೂತಿದ್ದೀರಿ. ಇರಲಿ. ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕುತ್ತೀಯ, ಅದಕ್ಕೇ ಈ ಕಾಗದ.

ಕಳೆದ ತಿಂಗಳು ನಮ್ಮ ಗ್ರಂಥಾಲಯದ ಹಿಂದೆ ಗೆದ್ದಲು ಹಿಡಿದ ಹಳೆಯ ಪುಸ್ತಕಗಳನ್ನು ಸುಟ್ಟದ್ದು ನಿನಗೆ ಗೊತ್ತು. ಸುಟ್ಟವರು ಅಟೆಂಡರ್. ಯಾರು ಪಿಸುಗುಟ್ಟಿದರೂ ‘ಸದ್ದು, ಸದ್ದು’ ಎನ್ನುವುದರಿಂದ ನಮಗೆಲ್ಲ ಅವರು ಸದ್ದು ಮಾಮ. ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ರಟ್ಟುಗಳನ್ನು ಕೋಲಿನಿಂದ ಬೆಂಕಿಗೆ ತಳ್ಳುತ್ತಿದ್ದ ಅವರ ಫೋಟೋ ತೆಗೆದು, ‘ಗೆದ್ದಲುಗಳಿಗೆ ಕೊನೆಗೂ ಪದವಿ ಪ್ರದಾನ’ ಎಂದು ಬರೆದು ನಿನಗೆ ಕಳಿಸಿದೆ. ನೀನು ನಕ್ಕೆ. ಮಾರನೆಯ ದಿನ ನೀನು ನಡೆಸುವ ಪುಟದಲ್ಲಿ ಅದೇ ಫೋಟೋ, ಕೆಳಗೆ ದಪ್ಪಕ್ಷರದಲ್ಲಿ: ‘ನಮ್ಮ ನಾಯಕರ ಪುಸ್ತಕಗಳನ್ನು ಹುಡುಕಿ ಹುಡುಕಿ ಸುಡುತ್ತಿರುವ ವಿರೋಧಿಗಳು.’ ಸಂಜೆ ಯಾರೋ ಗೇಟಿನ ಬಳಿ ಸದ್ದು ಮಾಮನನ್ನು ತಡೆದು ಹೊಡೆದರು. ಬಲಗೈ ಮುರಿಯಿತು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದು ಕಾಲೇಜಿನವರು ಅವರನ್ನೇ ಮನೆಗೆ ಕಳಿಸಿದರು. ನಾನು ಅಳುತ್ತ ಫೋನ್ ಮಾಡಿದರೆ ನೀನು, ‘ಒಂದು ಫೋಟೋದಿಂದ ಏನಾಗುತ್ತೆ ಚೂಟಿ, ನಾಳೆ ಎಲ್ರೂ ಮರೀತಾರೆ’ ಎಂದೆ. ಅವರ ಮನೆಗೆ ಹೋಗಿದ್ದೆ ಅಣ್ಣ. ಹೆಂಡತಿ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ನನ್ನನ್ನು ಕಂಡು ಮಾಮ ಎಡಗೈಯಲ್ಲೇ ಸ್ಟೂಲ್ ಎಳೆದು, ‘ಪರೀಕ್ಷೆ ಹತ್ರ ಬಂತು, ಓದ್ತಿದ್ದೀಯೇನಮ್ಮ?’ ಎಂದು ಕೇಳಿದರು.

ಓದಿನ ಕಥೆಯನ್ನೂ ಕೇಳು. ಹಾಸ್ಟೆಲಿನ ಊಟದ ಕೋಣೆಯಲ್ಲಿ ಈಗ ಕಿಟಕಿ ಕಡೆ ಒಂದು ಪಕ್ಷ, ಗೋಡೆ ಕಡೆ ಇನ್ನೊಂದು. ಉಪ್ಪು ಬೇಕಾದರೂ ಆಚೆ ಕೇಳುವುದಿಲ್ಲ. ಇದೇ ಹೊತ್ತಿಗೆ ‘ಕಾಲೇಜಿನಲ್ಲಿ ಭಿನ್ನಾಭಿಪ್ರಾಯ’ ಎಂದು ಪ್ರಬಂಧ ಬರೆಯಲು ಕೊಟ್ಟರು. ಎಲ್ಲರೂ ಪುಸ್ತಕ ಸುಟ್ಟ ಸುದ್ದಿಯನ್ನೇ ಆರಿಸಿಕೊಂಡರು. ಬೂದಿ ಬಿದ್ದ ಜಾಗ ತರಗತಿಯ ಕಿಟಕಿಯಿಂದಲೇ ಕಾಣುತ್ತದೆ. ಆದರೂ ಇಳಿದುಹೋಗಿ ವಿಚಾರಿಸಿದವರಿಲ್ಲ; ಎಲ್ಲರೂ ಫೋನನ್ನೇ ಕೇಳಿದರು. ಒಬ್ಬಳು ಒಂದು ಸುದ್ದಿತಾಣವನ್ನು ಆಧಾರ ಎಂದು ಕೊಟ್ಟಿದ್ದಳು, ಆ ತಾಣ ಇನ್ನೊಂದನ್ನು ಕೊಟ್ಟಿತ್ತು, ಅದು ನಿನ್ನ ಪುಟವನ್ನು. ಒಬ್ಬರ ಬಾಲ ಒಬ್ಬರು ಹಿಡಿದುಕೊಂಡು ಸುತ್ತುತ್ತಿದ್ದರು. ಅಂದು ಯಾರೂ ಕೂಗದ ಘೋಷಣೆಗಳೂ ಅಡಿಟಿಪ್ಪಣಿ ಸಮೇತ ಅಚ್ಚುಕಟ್ಟಾಗಿ ಬಂದಿದ್ದವು.

ನಾನು ಕಂಡದ್ದನ್ನು ಬರೆದೆ, ಪುಟದ ಹೆಸರನ್ನೂ ಬರೆದೆ. ಪಾಠ ಮಾಡುವ ಮೇಡಂ ಕರೆದು, ‘ಎರಡೂ ಕಡೆಯವರ ಮಾತು ಬರಲಿ, ಸಮತೋಲನ ಇರಲಿ. ಆ ಪುಟದ ಹೆಸರು ತೆಗೆದುಬಿಡು, ಒಳ್ಳೆ ಅಂಕ ಬರೋ ಹುಡುಗಿ ನೀನು’ ಎಂದರು. ‘ಮುರಿದಿರೋದು ಒಂದೇ ಕೈ ಮೇಡಂ, ಅದಕ್ಕೆ ಎರಡು ಕಡೆ ಎಲ್ಲಿಂದ ತರಲಿ?’ ಎಂದುಬಿಟ್ಟೆ. ಪ್ರಬಂಧ ಸೊನ್ನೆ ಹೊತ್ತು ವಾಪಸು ಬಂತು. ಗ್ರಂಥಪಾಲಕರ ಬಳಿ ಹೋದರೆ, ‘ನನ್ನನ್ನ ಯಾಕಮ್ಮ ಎಳೀತೀಯ’ ಎಂದು ಎದ್ದುಹೋದರು. ಅವರು ಮರಳುವವರೆಗೂ ಬಾಗಿಲಲ್ಲೇ ಕೂತೆ. ಕೊನೆಗೆ, ಸುಡಲು ಹೇಳಿದ್ದು ತಾವೇ ಎಂದು ಬರೆದುಕೊಟ್ಟರು. ಅದನ್ನೂ ಮೂಲ ಫೋಟೋವನ್ನೂ ಸೇರಿಸಿ, ಪ್ರಬಂಧದಲ್ಲಿ ಒಂದಕ್ಷರ ಬದಲಿಸದೆ ಮತ್ತೆ ಸಲ್ಲಿಸಿದ್ದೇನೆ. ಇನ್ನೊಂದು ಸೊನ್ನೆ ಬಂದರೆ ಬರಲಿ, ಬಾಗಿಲಿಗೆ ಅಂಟಿಸಿಕೊಳ್ಳುತ್ತೇನೆ.

ನನ್ನ ಕೋಣೆಯ ಗೆಳತಿ ನಿಮ್ಮ ಪಕ್ಷದ ಅಭಿಮಾನಿ. ನನ್ನೊಡನೆ ಮಾತು ಬಿಟ್ಟಿದ್ದವಳು ನಿನ್ನೆ ಪ್ರಬಂಧ ಓದಿ, ‘ನಿಮ್ಮಣ್ಣಂದೇ ಪುಟ, ಆದ್ರೂ ಹಾಕಿದ್ಯಾ?’ ಎಂದಳು. ‘ಹಾಕಿದೆ’ ಎಂದೆ. ಅವಳು ತನ್ನ ಪ್ರಬಂಧವನ್ನು ಮೇಡಂ ಹತ್ತಿರ ವಾಪಸು ಕೇಳಲು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಆಮೇಲೆ ಪಕ್ಷದ ವಿಚಾರಕ್ಕೆ ಇಬ್ಬರೂ ಚೆನ್ನಾಗಿಯೇ ಜಗಳವಾಡಿದೆವು. ಆ ಜಗಳ ಹಿತವಾಗಿತ್ತು.

ಬೆನ್ನಿಗೆ ಬಿಸಿನೀರಿನ ಶಾಖ ಕೊಡು. ಹೊತ್ತಿಗೆ ಸರಿಯಾಗಿ ಉಣ್ಣು. ಕೋಪ ಎಷ್ಟಿದ್ದರೂ ಪ್ರೀತಿ ತೂಕದಲ್ಲಿ ಕಡಿಮೆಯಾಗಿಲ್ಲ.

ನಿನ್ನ ತಂಗಿ,
ಚೂಟಿ

ಮರೆತೆ: ಗುರುವಾರ ವಿಚಾರಣಾ ಸಮಿತಿ ಕೂರುತ್ತದೆ. ಸದ್ದು ಮಾಮನ ಪರವಾಗಿ ನಾನು ಮಾತಾಡುತ್ತೇನೆ. ಫೋಟೋ ಯಾರಿಗೆ ಕಳಿಸಿದೆ ಎಂದು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ, ಕೇಳದಿದ್ದರೂ ಹೇಳುತ್ತೇನೆ. ಇದಕ್ಕೆ ನಿನ್ನ ಅನುಮತಿ ಕೇಳುತ್ತಿಲ್ಲ. ನೀನೇ ಬಂದು ಹೇಳಿದರೆ ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಅಪ್ಪನಿಗೆ ಎಲ್ಲ ತಿಳಿಸಿದೆ. ಟಿ.ವಿ.ಯನ್ನು ಪೂರ್ತಿ ಆರಿಸಿದ್ದು ಕೇಳಿಸಿತು. ಆಮೇಲೆ, ‘ಅವನೊಬ್ಬನೇ ಯಾಕೆ ನಿಲ್ಬೇಕು, ನಾನೂ ಬರ್ತೀನಿ ಅಂತ ಬರಿ’ ಎಂದರು.