ಸೀಟಿನ ಹಿಂದಿನ ಸೆನ್ನಾ

ಸಂಜೆ ಆರು ಗಂಟೆ. ಮಗನೇ ಕಿರಣ, ಗೊರೂರು ತಿರುವಿನಲ್ಲಿ ಮಗುಚಿ ನಿನ್ನ ಜೀವ ತೆಗೆದ ಗೂಡ್ಸ್ ಆಟೋ ರಿಪೇರಿಯಾಯಿತು. ಕೊಳ್ಳಲು ಕಟ್ಟಾಯದ ಸಿದ್ದರಾಜು ಭಾವಮೈದನ ಜೊತೆ ಬಂದಿದ್ದ. ಸೀಟಿನ ಹಿಂದೆ, ಮನೆದೇವರ ಪಟದ ಪಕ್ಕ, ನೀನು ಅಂಟಿಸಿದ್ದ ಕಾರ್ ರೇಸಿನ ಸೆನ್ನಾ ಚಿತ್ರ ನೋಡಿ ಭಾವಮೈದ ನಕ್ಕ.

“ಶುಮಾಕರ್ ಏಳು ಸಲ ಚಾಂಪಿಯನ್ ಆದೋನು ಯಜಮಾನ್ರೇ. ಇವ್ನು ರೇಸಲ್ಲೇ ಸತ್ತೋದ. ಮನೆ ಮುಟ್ದೇ ಇರೋನು ಎಂಥ ದೊಡ್ಡ ಡ್ರೈವರು?”

ಅದು ನನ್ನದೇ ಮಾತು. ಊಟಕ್ಕೆ ಕೂತಾಗಲೆಲ್ಲ ನಿನ್ನನ್ನು ಹಾಗೇ ಹಂಗಿಸುತ್ತಿದ್ದೆ. “ಮಳೇಲಿ ಅವ್ನಂಗೆ ಓಡ್ಸೋರು ಇನ್ನೊಬ್ರು ಉಟ್ಟಿಲ್ಲ ಕಣಪ್ಪ” ಎನ್ನುತ್ತಿದ್ದೆ ನೀನು. ಒಂದು ದಿನವೂ ನಾನು ಒಪ್ಪಲಿಲ್ಲ.

ಇವತ್ತು ನಿನ್ನ ಆ ಮಾತನ್ನೇ ಅವರಿಗೆ ಹೇಳಿದೆ. ದನಿ ಸ್ವಲ್ಪ ಜೋರಾಯಿತು. ಹೊರಡುವಾಗ ಸಿದ್ದರಾಜು, “ಆ ಚಿತ್ರ ಒಂದು ಕಿತ್ತಾಕಿ ಗಾಡಿ ಕೊಟ್ಬುಡಿ” ಎಂದ.

ಕೆರೆಯುತ್ತಿದ್ದೇನೆ, ಚಿತ್ರ ಉಗುರಿಗೆ ಬರುತ್ತಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ಗಾಡಿ ಒಯ್ಯುತ್ತಾರೆ.